ಜಗತ್ತಿನ ಚರ್ಚಾವೇದಿಕೆಯೂ ನಮ್ಮ ತಾಲೂಕಿನ ಮಕ್ಕಳೂ

ಭಾರತವು ಕ್ರಿಕೆಟ್ ಪಂದ್ಯದಲ್ಲಿ ಗೆದ್ದ ರಾತ್ರಿ ರಾಯಚೂರಿನ ತೀನ್ ಕಂದೀಲಿನಲ್ಲಿ ಪಟಾಕಿಗಳು ಸಿಡಿಯುವುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. 2019ನೆಯ ಇಸವಿಯಲ್ಲಿ ಬ್ಯಾಂಕಾಕ್ ನಗರದಲ್ಲಿ ಜರುಗಿದ ಜಗತ್ತಿನ ಶಾಲೆಗಳ ಚರ್ಚಾಸ್ಪರ್ಧೆಯಲ್ಲಿ ಭಾರತದ ವಿದ್ಯಾರ್ಥಿಗಳು ಅನ್ಯ ರಾಷ್ಟ್ರಗಳ ತಂಡಗಳನ್ನು ಹಿಂದಿಕ್ಕಿ ಪ್ರಥಮಸ್ಥಾನವನ್ನು ಪಡೆದರೆಂಬ ವರ್ತಮಾನಕ್ಕೆ ಮಾತ್ರ ನಮ್ಮ ಊರಿನಲ್ಲಿ ಒಂದು ಕಿಡಿಯಾದರೂ ಹಾರಿದುದನ್ನು ನಾವು ಕಾಣೆವು. ಬುದ್ಧಿಬಲದಿಂದ ಬಂದ ಕೀರ್ತಿಗೆ ತೋಳ್ಬಲದಿಂದ ಬಂದ ಕೀರ್ತಿಯಷ್ಟು ಸದ್ದುಗದ್ದಲವಿಲ್ಲದಿರುವುದು ಲೋಕರೂಢಿಯೇ ಸರಿ. ಅದಕ್ಕಾಗಿ ನಾವು ಬಹಳ ಕೊರಗುವವರಲ್ಲ. ನಮ್ಮನ್ನು ಕೊರೆಯುವ ಪ್ರಶ್ನೆ ಬೇರೆ. ಅಂತಹ ತಂಡದಲ್ಲಿ ದೇವದುರ್ಗದ ಒಬ್ಬ ಹುಡುಗನು, ಮಾನವಿಯ ಒಬ್ಬ ಹುಡುಗಿಯು ಎಂದಾದರೂ ಕುಳಿತುಕೊಳ್ಳುವ ಸಂಭವವುಂಟೇ? ಇಲ್ಲವೆಂದಾದರೆ, ಇವರಿಗೆ ಬುದ್ಧಿ ಸಾಲದೆಂದು ಹಾಗಾಯಿತೋ, ಬಾಗಿಲು ಮುಚ್ಚಿದೆಯೆಂದು ಹಾಗಾಯಿತೋ?

ಈ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಆ ಸ್ಪರ್ಧೆಯ ಸ್ವರೂಪವನ್ನು ವಾಚಕರು ತಿಳಿದಿರಬೇಕು. ಅದು 1988ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಆರಂಭವಾಯಿತು. ರಾಷ್ಟ್ರಕ್ಕೊಂದು ತಂಡ, ತಂಡದಲ್ಲಿ ಹೆಚ್ಚೆಂದರೆ ಐವರು, ಒಂದು ಚರ್ಚೆಯಲ್ಲಿ ಬಾಯಿ ತೆರೆಯುವವರು ಮೂವರು. (ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳು ಒಂದೇ ದೊರೆಯ ಆಳಿಕೆಯಲ್ಲಿದ್ದರೂ ಬೇರೆಬೇರೆ ತಂಡಗಳನ್ನು ಕಳುಹಿಸುತ್ತವೆ. ಸ್ಕಾಟ್ಲೆಂಡಿನ ಜನಸಂಖ್ಯೆ ಅರ್ಧ ಕೋಟಿಗಿಂತ ತುಸು ಹೆಚ್ಚು. 2011ರ ಜನಗಣತಿಯಲ್ಲಿಯೇ ಕರ್ನಾಟಕದ್ದು ಆರು ಕೋಟಿಯನ್ನು ದಾಟಿತ್ತು. ನಾವು ಬೇರೆ ತಂಡವನ್ನು ಬೇಡುವವರಲ್ಲ, ಭಾರತದ ತಂಡವೇ ನಮ್ಮ ತಂಡ. ಲೆಕ್ಕವನ್ನು ಮಾತ್ರ ಮುಂದಿಟ್ಟಿದ್ದೇವೆ.) ಒಂದು ಪಕ್ಷವು ಠರಾವನ್ನು ಸಮರ್ಥಿಸುತ್ತದೆ, ಪ್ರತಿಪಕ್ಷವು ಖಂಡಿಸುತ್ತದೆ. ಯಾವ ಪಕ್ಷ ಯಾರ ಪಾಲಿಗೆಂಬುದು ಮಕ್ಕಳ ಇಷ್ಟಾನಿಷ್ಟಗಳಿಗೆ ಬಿಟ್ಟ ಮಾತಲ್ಲ. ಒಬ್ಬೊಬ್ಬರಿಗೆ ಎಂಟು ನಿಮಿಷಗಳ ಅವಕಾಶ. ಆರು ಭಾಷಣಗಳು ಮುಗಿದ ತರುವಾಯ ಎರಡೂ ಕಡೆಯವರು ನಾಲ್ಕು ನಾಲ್ಕು ನಿಮಿಷಗಳಲ್ಲಿ ಇಡೀ ವಾದವನ್ನು ತೂಗಿ ಹೇಳಬೇಕು, ಇದರಲ್ಲಿ ಪ್ರತಿಪಕ್ಷದ ಸರದಿ ಮೊದಲು. ಭಾಷಣದ ಮೊದಲನೆಯ ಹಾಗೂ ಕಡೆಯ ನಿಮಿಷವನ್ನು ಬಿಟ್ಟು ನಡುವಣ ವೇಳೆಯಲ್ಲಿ ಎದುರಾಳಿಯು ಎದ್ದುನಿಂತು ಪ್ರಶ್ನೆ ಹಾಕಬಹುದು. ಭಾಷಣಕಾರನು ಒಪ್ಪಿದರೆ ಹದಿನೈದು ಸೆಕೆಂಡುಗಳೊಳಗೆ ಕೇಳಿ ಮುಗಿಸಬೇಕು. ಯಾವ ಪ್ರಶ್ನೆಯನ್ನೂ ಒಪ್ಪದೆ ಜಾರಿಕೊಂಡವನ ಅಂಕಗಳು ಜಾರುತ್ತವೆ. ಕೆಲವು ಠರಾವುಗಳು ಬಹುಮುಂಚೆಯೇ ಪ್ರಕಟವಾಗಿರುತ್ತವೆ. ಮಿಕ್ಕವನ್ನು ಒಂದು ತಾಸಿನ ಮುಂಚೆ ಮಾತ್ರ ತಿಳಿಸುತ್ತಾರೆ. ಆ ಒಂದು ತಾಸಿನಲ್ಲಿ ಗುರುಗಳ ನೆರವಿಲ್ಲ, ಮೊಬೈಲಿನ ನೆರವಿಲ್ಲ. ತಂಡದ ಮಕ್ಕಳು ತಮ್ಮ ತಲೆಗಳನ್ನೇ ನೆಚ್ಚಬೇಕು. ನೂರು ಅಂಕಗಳಲ್ಲಿ ನಲವತ್ತು ವಿಷಯಕ್ಕೆ, ನಲವತ್ತು ಶೈಲಿಗೆ, ಇಪ್ಪತ್ತು ವಾದವನ್ನು ಹೊಂದಿಸುವ ಜಾಣ್ಮೆಗೆ.

ತೀರ್ಪುಗಾರರು ಸಾಮಾನ್ಯವಾಗಿ ಮೂವರು. ಅವರು ಒಬ್ಬರನ್ನೊಬ್ಬರು ವಿಚಾರಿಸದೆ ತಮ್ಮತಮ್ಮ ನಿರ್ಣಯವನ್ನು ಬರೆದಿಡಬೇಕು. ಆ ಮೇಲೆ ಅವರಲ್ಲೊಬ್ಬರು ಎದ್ದು, ಯಾರು ಗೆದ್ದರು, ಏತಕ್ಕೆ ಗೆದ್ದರು, ಸೋತವರ ಯಾವ ವಾದವು ಎಲ್ಲಿ ಮುರಿದುಬಿತ್ತು ಎಂಬುದನ್ನು ಸಭೆಯ ಮುಂದೆ ವಿವರಿಸಬೇಕು. ಎಲ್ಲ ನಿಯಮಗಳಿಗಿಂತಲೂ ಈ ಕಡೆಯ ನಿಯಮವೇ ನಮ್ಮ ದೃಷ್ಟಿಯಲ್ಲಿ ಹಿರಿದು. ಅರ್ಜಿಯ ಮೇಲೆ ಕಾರಣವಿಲ್ಲದೆ "ತಿರಸ್ಕರಿಸಲಾಗಿದೆ" ಎಂಬ ಒಂದು ಶಬ್ದವನ್ನು ಪಡೆದು ಕಚೇರಿಯ ಮೆಟ್ಟಲಿಳಿಯುವ ಅಭ್ಯಾಸವಾಗಿರುವ ಸೀಮೆಯಲ್ಲಿ, ಹದಿನೈದು ವಯಸ್ಸಿನ ಹುಡುಗಿಯೊಬ್ಬಳು ಹಿರಿಯನಾದ ತೀರ್ಪುಗಾರನನ್ನು ನಿಲ್ಲಿಸಿ "ಕಾರಣವೇನು?" ಎಂದು ಕೇಳುವ ಹಕ್ಕನ್ನು ಪಡೆಯುವಳೆಂದರೆ ಅದು ಅಲ್ಪವಾದ ಶಿಕ್ಷಣವೇ?

ನಮ್ಮ ಶಾಲೆಗಳಲ್ಲಿ ಚರ್ಚಾಸ್ಪರ್ಧೆಗಳಿಲ್ಲವೆಂದು ಯಾರೂ ಹೇಳುವಂತಿಲ್ಲ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರಿನಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಏರುವ ಏಣಿಯನ್ನೇ ಹಾಕಿಟ್ಟಿದ್ದಾರೆ. ಏಣಿ ಒಳ್ಳೆಯದು, ಅದರ ಮೇಲೆ ಏರಿಸುತ್ತಿರುವ ಸರಕಿನ ಬಗ್ಗೆ ನಮ್ಮ ತಕರಾರು. ಇಂತಹ ಸ್ಪರ್ಧೆಗಳನ್ನು ಕಂಡವರೆಲ್ಲರೂ ಬಲ್ಲ ಸಂಗತಿಯೆಂದರೆ, ವಿಷಯವು ಮುಂಚೆಯೇ ಗೊತ್ತಾಗಿರುತ್ತದೆ. ಮಾಸ್ತರರು ಭಾಷಣವನ್ನು ಬರೆದುಕೊಡುತ್ತಾರೆ. ಹುಡುಗನು ಅದನ್ನು ಪ್ರಾತಃಕಾಲದ ಮಗ್ಗಿಯಂತೆ ಉರು ಹೊಡೆದು ಒಪ್ಪಿಸುತ್ತಾನೆ. "ವಿಜ್ಞಾನವು ವರವೋ ಶಾಪವೋ" ಎಂಬ ವಿಷಯವಾದರೆ ವರವೆನ್ನುವವನು ತನ್ನದನ್ನು ಹೇಳಿ ಕುಳಿತುಕೊಳ್ಳುತ್ತಾನೆ, ಶಾಪವೆನ್ನುವವನು ತನ್ನದನ್ನು ಹೇಳಿ ಕುಳಿತುಕೊಳ್ಳುತ್ತಾನೆ. ಒಬ್ಬನ ಮಾತು ಇನ್ನೊಬ್ಬನ ಮಾತನ್ನು ಮುಟ್ಟುವುದೇ ಇಲ್ಲ. ಎರಡು ರೈಲುಗಾಡಿಗಳು ಎರಡು ಹಳಿಗಳ ಮೇಲೆ ಎದುರುಬದುರಾಗಿ ಹಾದುಹೋದುದನ್ನು ಯಾರಾದರೂ ಕುಸ್ತಿಯೆಂದು ಕರೆಯುವರೇ? ತೀರ್ಪು ಬರುತ್ತದೆ, ಪ್ರಥಮ ದ್ವಿತೀಯ ತೃತೀಯರೆಂದು ಹೆಸರುಗಳನ್ನು ಓದುತ್ತಾರೆ, ಫೋಟೋ ತೆಗೆಯುತ್ತಾರೆ. ಯಾರಿಗೆ ಏತಕ್ಕೆ ಬಹುಮಾನ ಬಂದಿತೆಂದು ಬಹುಮಾನ ಪಡೆದ ಹುಡುಗನಿಗೂ ತಿಳಿಯದು. ಇದರಲ್ಲಿ ಶಿಕ್ಷಕರನ್ನು ದೂಷಿಸುವುದು ಅನ್ಯಾಯ. ಅವರಿಗೆ ಮೇಲಿನಿಂದ ಬಂದ ನಮೂನೆಯೇ ಹಾಗಿದೆ.

ಈಗ ಹೇಳಿದ ವಿದೇಶೀಯ ಕ್ರಮವು ಪರಕೀಯವೆಂದು ಮೂಗು ಮುರಿಯುವವರಿಗೆ ಪಾಠಶಾಲೆಯ ಮೊದಲ ಪಾಠಗಳನ್ನೇ ಜ್ಞಾಪಿಸಬೇಕಾಗಿದೆ. ಗೌತಮನ ನ್ಯಾಯಸೂತ್ರಗಳು ತತ್ತ್ವವನ್ನು ತಿಳಿಯುವ ಇಚ್ಛೆಯಿಂದ ನಡೆಯುವ ಮಾತನ್ನು ವಾದವೆಂದೂ, ಗೆಲ್ಲುವುದಕ್ಕಾಗಿಯೇ ನಡೆಯುವುದನ್ನು ಜಲ್ಪವೆಂದೂ, ತನ್ನದೊಂದು ಪಕ್ಷವನ್ನೇ ಸ್ಥಾಪಿಸದೆ ಪರರದನ್ನು ಕೆಡಹುವುದನ್ನು ವಿತಂಡೆಯೆಂದೂ ವಿಂಗಡಿಸಿ, ವಾದಿಯು ಸೋತನೆಂದು ಸಾರಬೇಕಾದ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ಎಣಿಸಿವೆ. ಶ್ರೀಮಧ್ವಾಚಾರ್ಯರು ಕಥಾಲಕ್ಷಣವೆಂಬ ಪ್ರಕರಣವನ್ನು ಬರೆದದ್ದು ಚರ್ಚೆಯ ನಿಯಮಗಳನ್ನು ಹೇಳುವುದಕ್ಕಾಗಿಯೇ. ಕಲಬುರಗಿ ಜಿಲ್ಲೆಯ ಮಳಖೇಡದ ಹೆಸರಿನೊಡನೆ ಬೆಸೆದುಕೊಂಡಿರುವ ಜಯತೀರ್ಥರು ಅದಕ್ಕೆ ಟೀಕೆ ರಚಿಸಿದರು. ಅದೇ ಜಿಲ್ಲೆಯ ಸನ್ನತಿಯಲ್ಲಿ, ಭೀಮಾತೀರದಲ್ಲಿ, ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ದೊರೆತ ಶಿಲಾಫಲಕದ ಮೇಲೆ ಅಶೋಕ ಚಕ್ರವರ್ತಿಯ ಹನ್ನೆರಡನೆಯ ಶಾಸನವಿದೆ. ತನ್ನ ಮತವನ್ನು ಹೊಗಳುವ ಭರದಲ್ಲಿ ಪರಮತವನ್ನು ನಿಂದಿಸದೆ ನಾಲಗೆಯನ್ನು ಹಿಡಿತದಲ್ಲಿಟ್ಟುಕೊಂಡು, ಒಬ್ಬರ ಮಾತನ್ನೊಬ್ಬರು ಕೇಳಬೇಕೆಂಬುದು ಅದರ ತಾತ್ಪರ್ಯ. ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸಿದ ಹೊರತು ಸಿದ್ಧಾಂತಕ್ಕೆ ಕಾಲಿಡಬಾರದೆಂಬ ನಡಾವಳಿಯು ನಮ್ಮಲ್ಲಿತ್ತು. ಕ್ಯಾನ್‌ಬೆರಾದವರು ನಮ್ಮಿಂದ ಕಲಿತರೆಂದು ನಾವು ಹೇಳುತ್ತಿಲ್ಲ, ಅಂತಹ ಜಂಬಕ್ಕೆ ಆಧಾರವಿಲ್ಲ. ನಾವು ಮರೆತುದನ್ನು ಅವರು ಗಡಿಯಾರ ಹಿಡಿದು ನಡೆಸುತ್ತಿದ್ದಾರೆಂಬಷ್ಟೇ ನಮ್ಮ ಮಾತು.

ಇನ್ನು ಬಾಗಿಲಿನ ಮಾತು. ಆ ಸ್ಪರ್ಧೆಯೆಲ್ಲವೂ ಇಂಗ್ಲಿಷಿನಲ್ಲಿ. ಭಾರತದ ತಂಡಕ್ಕೆ ಸೇರಬೇಕಾದರೂ ಇಂಗ್ಲಿಷಿನಲ್ಲಿ ವಾದಿಸಿಯೇ ಸೇರಬೇಕು. ದೇವದುರ್ಗದ ಸರಕಾರಿ ಪ್ರೌಢಶಾಲೆಯ ಹುಡುಗನು ಹತ್ತಿ ಬಿಡಿಸುವ ಕಾಲದಲ್ಲಿ ವಾರಗಟ್ಟಲೆ ಶಾಲೆ ತಪ್ಪಿಸಿ, ತಂದೆತಾಯಿಗಳು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೇ ಹೋದರೆ ಅಜ್ಜಿಯ ಬಳಿ ಉಳಿದು, ಹೇಗೋ ಓದು ಸಾಗಿಸುವವನು. ಅವನ ತಲೆಯಲ್ಲಿ ಎಷ್ಟೇ ಚುರುಕಾದ ಯುಕ್ತಿಯಿದ್ದರೂ ಅದನ್ನು ಅನ್ಯಭಾಷೆಯಲ್ಲಿ ಎಂಟು ನಿಮಿಷ ಸುರಿಸೆಂದರೆ ಅವನೇನು ಮಾಡಿಯಾನು? ಡಾ. ನಂಜುಂಡಪ್ಪ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿಯಲ್ಲಿ ದೇವದುರ್ಗವೂ ಮಾನವಿಯೂ ಇದ್ದವು. ಹಿಂದುಳಿದದ್ದು ರಸ್ತೆ, ಆಸ್ಪತ್ರೆ, ಸಾಕ್ಷರತೆಗಳ ಅಳತೆಯಲ್ಲಿ; ಮಕ್ಕಳ ತರ್ಕಶಕ್ತಿಯನ್ನು ಅಳೆಯುವ ಕೋಲನ್ನು ಯಾವ ಸಮಿತಿಯೂ ಇಲ್ಲಿಗೆ ತಂದಿಲ್ಲ.

ಒಪ್ಪಿತವಾದ ಭಾಷೆಯೊಂದನ್ನು ಕಲಿಯದವನಿಗೆ ಬುದ್ಧಿಯೇ ಇಲ್ಲವೆಂದು ಎಣಿಸುವ ಪದ್ಧತಿಯು ಈ ಸೀಮೆಗೆ ಹೊಸದಲ್ಲ. ನಿಜಾಮರ ಆಳಿಕೆಯಲ್ಲಿ ಕಚೇರಿಯೂ ಮೇಲ್ತರಗತಿಯ ವಿದ್ಯೆಯೂ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾಮಾಧ್ಯಮವೂ ಉರ್ದುವೇ. ಉರ್ದುವಾಗಲಿ ಇಂಗ್ಲಿಷಾಗಲಿ ನಮಗೆ ವೈರಿಯಲ್ಲ. ರಾಯಚೂರಿನ ಬಜಾರಿನಲ್ಲಿ ಕನ್ನಡ, ಉರ್ದು, ತೆಲುಗುಗಳು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕುಳಿತಿರುತ್ತವೆ. ಆದರೆ ಆ ಕಾಲದಲ್ಲಿ ಕನ್ನಡದ ಹುಡುಗನು ತನ್ನ ವಿಚಾರವನ್ನು ತನ್ನ ನುಡಿಯಲ್ಲಿ ಹೇಳುವ ಸ್ಥಾನವೇ ಇರಲಿಲ್ಲ. ಗಸ್ತಿ 53ರ ದೆಸೆಯಿಂದ ಸಭೆ ಕೂಡುವುದಕ್ಕೂ ಮುಂಚಿತವಾಗಿ ಅಪ್ಪಣೆ ಬೇಕಾಗಿತ್ತು. ಅಂತಹ ದಿನಗಳಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮದರ್ದ್ ಶಾಲೆಯನ್ನು ಕಟ್ಟಿದರು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಇಲ್ಲಿಯೇ ಸಾಹಿತ್ಯ ಸಮ್ಮೇಳನವು ಸೇರಿತು. ಮಾನವಿಯ ಜಗನ್ನಾಥದಾಸರ ಕಥೆಯನ್ನಂತೂ ನಮ್ಮ ವಾಚಕರಿಗೆ ಹೇಳಬೇಕಾದುದೇ ಇಲ್ಲ. ಸಂಸ್ಕೃತದ ಮಹಾಪಂಡಿತರಾಗಿದ್ದ ಅವರು ಕನ್ನಡದಲ್ಲಿ ಹಾಡುವ ದಾಸರನ್ನು ಮೊದಲು ಹಗುರವಾಗಿ ಕಂಡರೆಂದೂ, ವ್ಯಾಧಿಗ್ರಸ್ತರಾಗಿ, ದೇವದುರ್ಗ ತಾಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರ ಅನುಗ್ರಹದಿಂದ ಗುಣಹೊಂದಿ, ಶಾಸ್ತ್ರದ ಸಾರವನ್ನು ಕನ್ನಡದಲ್ಲಿಯೇ ಹರಿಕಥಾಮೃತಸಾರವಾಗಿ ರಚಿಸಿದರೆಂದೂ ಸಂಪ್ರದಾಯವು ಹೇಳುತ್ತದೆ. ವೇದಾಂತದ ಸೂಕ್ಷ್ಮಗಳನ್ನು ಹೊತ್ತ ಕನ್ನಡಕ್ಕೆ ಶಾಲಾಮಕ್ಕಳ ಠರಾವು ಭಾರವಾದೀತೇ?

ಅನ್ಯರು ಈ ಕೆಲಸವನ್ನು ಮಾಡಿ ತೋರಿಸಿದ್ದಾರೆ. 2010ರಲ್ಲಿ ಕತಾರದ ದೋಹಾ ನಗರವು ಇದೇ ಜಾಗತಿಕ ಸ್ಪರ್ಧೆಗೆ ಆತಿಥ್ಯ ವಹಿಸಿತು. ಅಲ್ಲಿಯವರು ಅಷ್ಟಕ್ಕೆ ತೃಪ್ತರಾಗದೆ, ತರುವಾಯ ಅರಬ್ಬೀ ಭಾಷೆಯಲ್ಲಿಯೇ ಶಾಲಾಮಕ್ಕಳ ಅಂತರರಾಷ್ಟ್ರೀಯ ಚರ್ಚಾಸ್ಪರ್ಧೆಯನ್ನು ಏರ್ಪಡಿಸಿದರು. ನಿಯಮವನ್ನು ಹೊರಗಿನಿಂದ ತಂದರು, ನಾಲಗೆಯನ್ನು ತಮ್ಮದನ್ನೇ ಇಟ್ಟುಕೊಂಡರು.

"ಮಕ್ಕಳ ಭಾಷಣದಿಂದ ರಾಯಚೂರಿನ ಯಾವ ಬಡತನ ನೀಗೀತು?" ಎಂದು ಒಬ್ಬ ಹಿರಿಯ ಅಧಿಕಾರಿಯು ಕೇಳಿಯಾನು. ಕೇಳಲಿ. ಐ.ಐ.ಟಿ.ಯು ರಾಯಚೂರಿಗೇ ಬರಬೇಕೆಂದು ನಾವು ವರುಷಗಟ್ಟಲೆ ಕೂಗಿದೆವು. ಅದು 2016ರಲ್ಲಿ ಧಾರವಾಡದಲ್ಲಿ ಆರಂಭವಾಯಿತು. ಏಮ್ಸ್ ಆಸ್ಪತ್ರೆಗಾಗಿ 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿಯು ಸಾವಿರ ದಿನಗಳನ್ನು ದಾಟಿತು. ರಾಜ್ಯ ಸರಕಾರವು ರಾಯಚೂರಿನ ಹೆಸರನ್ನೇ ಕೇಂದ್ರಕ್ಕೆ ಶಿಫಾರಸು ಮಾಡಿಯೂ ಆಯಿತು. ಧರಣಿ ಕುಳಿತವರ ತಾಳ್ಮೆಗೆ ನಾವು ತಲೆಬಾಗುತ್ತೇವೆ. ಆದರೆ ದಿಲ್ಲಿಯ ಮೇಜಿನ ಆಚೆ ಕುಳಿತವನು ಯಾವ ಆಕ್ಷೇಪವನ್ನು ಎತ್ತುವನು, ಅದಕ್ಕೆ ಯಾವ ಅಂಕಿ, ಯಾವ ನಕ್ಷೆ, ಯಾವ ಉತ್ತರ ಎಂಬುದನ್ನು ಮೊದಲೇ ಎಣಿಸಿ ಸಿದ್ಧರಾಗುವ ಜನ ನಮ್ಮಲ್ಲಿ ಎಷ್ಟು ಮಂದಿ? ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನವಿ, ರಾಯಚೂರುಗಳ ರೈತರು ಪ್ರತಿವರ್ಷವೂ ನೀರಿಗಾಗಿ ರಸ್ತೆ ತಡೆಯುತ್ತಾರೆ. 2024ರ ಆಗಸ್ಟಿನಲ್ಲಿ ಜಲಾಶಯದ ಹತ್ತೊಂಬತ್ತನೆಯ ಗೇಟು ಕಿತ್ತುಹೋದಾಗ ಅವರ ಎದೆಯೊಡೆದುದನ್ನು ನಾವೆಲ್ಲರೂ ಕಂಡಿದ್ದೇವೆ. ಮೇಲ್ಭಾಗದವನು ಭತ್ತವನ್ನೇ ಏಕೆ ಬಿತ್ತುತ್ತಾನೆ, ಅವನ ನ್ಯಾಯವೇನು, ಅದಕ್ಕೆ ನಮ್ಮ ಪ್ರತ್ಯುತ್ತರವೇನು ಎಂದು ಮಾನವಿಯ ಹುಡುಗಿಯೊಬ್ಬಳು ಇಂದು ಎಂಟು ನಿಮಿಷ ಮೇಲ್ಭಾಗದವನ ಪರವಾಗಿಯೇ ವಾದಿಸಿ ನೋಡಿದರೆ, ನಾಳೆ ನೀರಾವರಿ ಸಲಹಾಸಮಿತಿಯ ಎದುರಿನಲ್ಲಿ ಅವಳ ಮಾತಿಗೆ ಬರುವ ತೂಕವೇ ಬೇರೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ನಮ್ಮ ಮಕ್ಕಳಿಗೆ ಕಾಲೇಜಿನಲ್ಲಿ ಸ್ಥಾನವನ್ನೂ ಕಚೇರಿಯಲ್ಲಿ ಕುರ್ಚಿಯನ್ನೂ ಕೊಟ್ಟಿದೆ. ಕುರ್ಚಿಯಲ್ಲಿ ಕುಳಿತವನು ಆಡಬೇಕಾದ ಮಾತನ್ನು ಯಾವ ತಿದ್ದುಪಡಿಯೂ ಕೊಡಲಾರದು.

ಎರಡೂ ಪಕ್ಷಗಳನ್ನು ವಾದಿಸಲು ಕಲಿಸಿದರೆ ಮಕ್ಕಳು ಕುಯುಕ್ತಿವಾದಿಗಳಾಗುವರೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಗೆಲವಿನ ಹಂಬಲದಿಂದ ಉಸಿರು ಬಿಡದೆ ಓಡುವ ಮಾತು, ಕಂಠಪಾಠದ ಪರಿಭಾಷೆ, ದುಡ್ಡು ತೆತ್ತು ಪಡೆದ ತರಬೇತಿ, ಇವು ಅಂತರರಾಷ್ಟ್ರೀಯ ವೇದಿಕೆಗೂ ಅಂಟಿಕೊಂಡಿರುವ ಜಾಡ್ಯಗಳು. ಶೈಲಿಗೆ ನಲವತ್ತು ಅಂಕಗಳೆಂಬುದೂ ನಮಗೆ ಸಮ್ಮತವಿಲ್ಲ. ನಮ್ಮಲ್ಲಿ ಅದನ್ನು ಇಪ್ಪತ್ತಕ್ಕೆ ಇಳಿಸಿ ಮಿಕ್ಕುದನ್ನು ವಿಷಯಕ್ಕೆ ಸೇರಿಸಬೇಕು. ಶೈಲಿಯೆಂದರೆ ಬೆಂಗಳೂರಿನ ಆಕಾಶವಾಣಿಯ ಕನ್ನಡವೆಂದು ತಿಳಿದ ತೀರ್ಪುಗಾರನು "ಹೋಗ್ಯಾನ", "ಬಂದೀನಿ" ಎಂದ ಹುಡುಗನಿಗೆ ಅಂಕ ಕಡಿದಾನು. ರಾಯಚೂರು ಸೀಮೆಯ ಮಾತಿನಲ್ಲಿ ಹೇಳಿದ ತರ್ಕವು ತರ್ಕವೇ ಎಂಬುದನ್ನು ನಿಯಮದಲ್ಲಿಯೇ ಬರೆದಿಡತಕ್ಕದ್ದು. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿಗಳನ್ನು ಆಡುವ ಮಕ್ಕಳ ಕನ್ನಡಕ್ಕೂ ಇದೇ ರಕ್ಷೆ ಸಲ್ಲಬೇಕು. ಇಂಗ್ಲಿಷ್ ಕಲಿಯಬೇಡಿರೆಂದು ನಾವು ಯಾರಿಗೂ ಹೇಳೆವು. ವಾದಿಸಲು ಬಲ್ಲವನು ನಾಳೆ ಇಂಗ್ಲಿಷನ್ನೂ ಕಲಿತು ಬ್ಯಾಂಕಾಕಿಗೂ ಹೋದಾನು. ವಾದವಿಲ್ಲದ ಇಂಗ್ಲಿಷು ಎರವಲು ತಂದ ಕೋಟು.

ಖರ್ಚಿನ ಪ್ರಶ್ನೆಯನ್ನು ನಾವು ಎತ್ತಿಕೊಳ್ಳುವುದೂ ಬೇಡವೆನಿಸುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023ರ ಆಯವ್ಯಯದಿಂದೀಚೆಗೆ ವರುಷಕ್ಕೆ 5,000 ಕೋಟಿ ರೂಪಾಯಿಗಳ ಲೆಕ್ಕ ಹೇಳುತ್ತಿದ್ದಾರೆ. ಚರ್ಚೆಗೆ ಬೇಕಾದುದು ಒಂದು ಕೋಣೆ, ಎರಡು ಮೇಜು, ಒಂದು ಗಂಟೆ, ಒಂದು ಗಡಿಯಾರ. ದೀಪದ ಕಂಬವೊಂದಕ್ಕೆ ತಗಲುವ ವೆಚ್ಚದಲ್ಲಿ ಒಂದು ತಾಲೂಕಿನ ವರ್ಷದ ಸ್ಪರ್ಧೆ ಮುಗಿದೀತು. ಕಷ್ಟವಿರುವುದು ಬೇರೆ ಕಡೆ, ತೀರ್ಪುಗಾರರಲ್ಲಿ. ಊರಿನ ಗಣ್ಯರನ್ನು ಶಾಲು ಹೊದಿಸುವುದಕ್ಕಾಗಿ ಕರೆತಂದು ಅದೇ ಕುರ್ಚಿಯಲ್ಲಿ ತೀರ್ಪಿಗೂ ಕೂಡಿಸುವ ಚಾಳಿಯನ್ನು ಮೊದಲು ಬಿಡಬೇಕು. ದೇವದುರ್ಗದ ಚರ್ಚೆಗೆ ಮಾನವಿಯಿಂದಲೂ ಮಾನವಿಯದಕ್ಕೆ ರಾಯಚೂರಿನಿಂದಲೂ ತೀರ್ಪುಗಾರರು ಬರಲಿ. ಒಬ್ಬ ವಕೀಲರು, ಒಬ್ಬ ಅಧ್ಯಾಪಕರು, ಒಬ್ಬ ಕೃಷಿ ಅಥವಾ ಕಂದಾಯ ಇಲಾಖೆಯ ನೌಕರರು. ಮೂವರೂ ಬೇಸಗೆಯಲ್ಲಿ ಎರಡು ದಿನ ಕುಳಿತು, ನಡೆದ ಚರ್ಚೆಯೊಂದನ್ನು ನೋಡಿ, ಬೇರೆಬೇರೆಯಾಗಿ ಅಂಕ ಹಾಕಿ, ಅಂತರವೇಕಾಯಿತೆಂದು ತಮ್ಮೊಳಗೆ ಜಗಳವಾಡಿ ಕಲಿಯಲಿ. 2020 ಹಾಗೂ 2021ರಲ್ಲಿ ಮಹಾಮಾರಿಯ ನಿಮಿತ್ತ ಜಾಗತಿಕ ಸ್ಪರ್ಧೆಯೇ ಅಂತರ್ಜಾಲದ ಮೂಲಕ ನಡೆಯಿತು. ಅಂಥವುಗಳ ದೃಶ್ಯಮುದ್ರಿಕೆಗಳನ್ನು ಇಂಗ್ಲಿಷ್ ಬಲ್ಲ ಶಿಕ್ಷಕರು ಮಕ್ಕಳಿಗೆ ತೋರಿಸುತ್ತ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಬಿಡಿಸಿ ಹೇಳಬಹುದು. ಅರ್ಧದಷ್ಟು ಠರಾವುಗಳು ಒಂದು ತಾಸಿನ ಮುಂಚೆ ಮಾತ್ರ ತಿಳಿಯುವಂಥವಾಗಿರಲಿ. ಬರೆದುಕೊಡುವ ಮಾಸ್ತರರ ಕೈ ಅಲ್ಲಿಗೆ ನಿಲ್ಲುತ್ತದೆ. ಸ್ಪರ್ಧೆಯು ಶನಿವಾರ ಮುಂಜಾನೆ ಆರಂಭವಾಗಿ, ಹಳ್ಳಿಯ ಹೆಣ್ಣುಮಕ್ಕಳು ಹೊತ್ತು ಮುಳುಗುವ ಮುನ್ನ ಬಸ್ಸು ಹಿಡಿಯುವಂತೆ ಮುಗಿಯಬೇಕು. ಈ ಒಂದು ಸಂಗತಿಯನ್ನು ಮರೆತರೆ ತಂಡಗಳಲ್ಲಿ ಗಂಡುಹುಡುಗರೇ ಉಳಿಯುವರು.

ಪತ್ರಿಕೆಗಳ ಪಾಲೂ ಇದರಲ್ಲಿದೆ. ಗೆದ್ದ ಶಾಲೆಯ ಹೆಸರನ್ನೂ ಬಹುಮಾನ ಹಂಚಿದ ಮಹನೀಯರ ಭಾವಚಿತ್ರವನ್ನೂ ಅಚ್ಚುಹಾಕಿದರೆ ಓದುಗನಿಗೆ ದಕ್ಕಿದುದೇನು? ಪಕ್ಷದವರು ಹೀಗೆ ಹೇಳಿದರು, ಪ್ರತಿಪಕ್ಷದವರು ಹೀಗೆ ಮುರಿದರು, ಮೂವರಲ್ಲಿ ಇಬ್ಬರು ತೀರ್ಪುಗಾರರು ಈ ಕಾರಣಕ್ಕಾಗಿ ಇವರಿಗೆ ಮತ ಕೊಟ್ಟರು, ಮೂರನೆಯವರು ಈ ಕಾರಣಕ್ಕಾಗಿ ಕೊಡಲಿಲ್ಲ ಎಂದು ಬರೆದರೆ ಆ ವರದಿಯನ್ನು ತಹಸೀಲದಾರರೂ ಓದಿಯಾರು, ಕಾಲುವೆಯ ಕೊನೆಯ ಹೊಲದವನೂ ಓದಿಸಿ ಕೇಳಿಯಾನು. ಅಂತಹ ವರದಿಗಾಗಿ ನಮ್ಮ ಪತ್ರಿಕೆಯು ಶನಿವಾರದ ಚರ್ಚೆಯ ಮರುವಾರ ಅರ್ಧ ಪುಟವನ್ನು ಮೀಸಲಿಡಲು ಸಿದ್ಧವಾಗಿದೆ, ಜಾಹೀರಾತುದಾರರು ಕ್ಷಮಿಸಬೇಕು. ಪ್ರೌಢಶಾಲೆಗಳ ಶಿಕ್ಷಕರು ಠರಾವುಗಳನ್ನು ಕಾರ್ಯಾಲಯಕ್ಕೆ ಕಳುಹಿಸಲಿ. ನಮ್ಮ ಕಡೆಯಿಂದ ಮೊದಲನೆಯದನ್ನು ಇಲ್ಲಿಯೇ ಸೂಚಿಸುತ್ತೇವೆ: ಕಾಲುವೆಯ ನೀರನ್ನು ಕೊನೆಯ ಹೊಲದಿಂದ ಆರಂಭಿಸಿ ಹಂಚತಕ್ಕದ್ದು. ದೇವದುರ್ಗಕ್ಕೆ ಯಾವ ಪಕ್ಷ, ಮಾನವಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಲಿ.